ಸ್ಕ್ರೆಮ್ಮಾ: ಸ್ವೀಡಿಷ್‌ನಲ್ಲಿ ಒಂದೇ ಮಾತು, ಇಂಗ್ಲಿಷ್‌ನಲ್ಲಿ ಯಾವುದು?

ಒಬ್ಬಾಕೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ. ನಲ್ಲಿ ನೀರಿನ ಸದ್ದಿಗೆ ಹಿಂದಿನಿಂದ ಯಾರೋ ಬಂದದ್ದು ಕೇಳಿಸಿಲ್ಲ. ತಿರುಗಿದರೆ ಪಕ್ಕದಲ್ಲೇ ಗಂಡ ನಿಂತಿದ್ದಾನೆ. ಸ್ವೀಡನ್ನಿನ ಮನೆಯಾದರೆ ಆಗ ಬಾಯಿಂದ ಬರುವ ಮಾತು "ದು ಸ್ಕ್ರೆಮ್ದೆ ಮೆಯ್!"

ಇನ್ನೊಂದು ಮನೆ. ಸಾಲ ವಸೂಲಿಗೆ ಬಂದ ಇಬ್ಬರು ಬಾಗಿಲಲ್ಲಿ ನಿಂತಿದ್ದಾರೆ. ಬೈಯುವುದಿಲ್ಲ, ಕೂಗಾಡುವುದಿಲ್ಲ. ನಿಮ್ಮ ಮಗು ಯಾವ ಶಾಲೆಗೆ ಹೋಗುತ್ತದೆ ಅಂತ ಮೆಲ್ಲಗೆ ಕೇಳಿ ಹೊರಟುಹೋಗುತ್ತಾರೆ. ಆಮೇಲೆ ಆ ಮನೆಯಾಕೆ ಅಕ್ಕನಿಗೆ ಫೋನ್ ಮಾಡಿ ಹೇಳುವ ಮಾತು "ದೊಮ್ ಸ್ಕ್ರೆಮ್ದೆ ಮೆಯ್."

ಕ್ರಿಯಾಪದ ಒಂದೇ, ರೂಪವೂ ಒಂದೇ. ಆದರೆ ಇಂಗ್ಲಿಷ್‌ಗೆ ತರುವಾಗ ಎರಡಕ್ಕೂ ಒಂದೇ ಮಾತು ಹಾಕಿದರೆ ಎಲ್ಲೋ ಒಂದು ಕಡೆ ಕೆಡುತ್ತದೆ. ಮೊದಲನೆಯದಕ್ಕೆ 'ಯೂ ಸ್ಟಾರ್ಟಲ್ಡ್ ಮಿ' ಅಥವಾ 'ಯೂ ಮೇಡ್ ಮಿ ಜಂಪ್' ಚೆನ್ನಾಗಿ ಹೊಂದುತ್ತದೆ. ಎರಡನೆಯದಕ್ಕೆ 'ದೇ ಫ್ರೈಟನ್ಡ್ ಮಿ' ಅನ್ನಬಹುದು, ಬಂದವರ ಉದ್ದೇಶವನ್ನೂ ಹೇಳಬೇಕಾದರೆ 'ದೇ ಇಂಟಿಮಿಡೇಟೆಡ್ ಮಿ' ಅನ್ನಬಹುದು. ಪಾತ್ರೆ ತೊಳೆಯುವ ಹೆಂಡತಿ ಗಂಡನಿಗೆ 'ಯೂ ಇಂಟಿಮಿಡೇಟೆಡ್ ಮಿ' ಅಂದಳು ಅಂತ ಅನುವಾದ ಮಾಡಿದರೆ ಆ ಸಂಸಾರದ ಕಥೆಯೇ ಬೇರೆ ಆಗಿಬಿಡುತ್ತದೆ, ಅಲ್ವಾ?

ಈ ಲೇಖನ ಆ ಒಂದು ಕ್ರಿಯಾಪದದ ಬಗ್ಗೆ. ಸ್ಟಾಕ್‌ಹೋಮ್, ಗೋಥೆನ್‌ಬರ್ಗ್ ಕಡೆ ಕೆಲಸಕ್ಕೆ ಹೋಗಿ ಸ್ವೀಡಿಷ್ ಕಲಿಯುವ ನಮ್ಮವರು ಸಾಮಾನ್ಯವಾಗಿ ಇಂಗ್ಲಿಷ್ ದಾರಿಯಲ್ಲೇ ಕಲಿಯುತ್ತಾರೆ. ಪದಕೋಶ ತೆಗೆದು, ಮೊದಲು ಕಂಡ ಇಂಗ್ಲಿಷ್ ಪದವನ್ನು ತಲೆಯಲ್ಲಿ ಇಟ್ಟುಕೊಂಡು ಮುಂದೆ ಹೋಗುತ್ತಾರೆ. ಹೆದರಿಕೆಯ ವಿಷಯದಲ್ಲಿ ಈ ದಾರಿ ತುಂಬಾ ಸಲ ಕೈಕೊಡುತ್ತದೆ. ನಡುವೆ ಒಂದು ಕ್ಷಣ ಕನ್ನಡಕ್ಕೆ ಬಂದು ಹೋದರೆ ಸರಿಯಾದ ಇಂಗ್ಲಿಷ್ ಪದ ಬೇಗ ಸಿಗುತ್ತದೆ ಅನ್ನುವುದು ನನ್ನ ನಂಬಿಕೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಪದದ ಪರಿಚಯ. ಮೂಲ ರೂಪ ಸ್ಕ್ರೆಮ್ಮಾ. ನಾನು 'ಎ' ಅಂತ ಬರೆದಿರುವ ಕಡೆ ಸ್ವೀಡಿಷ್‌ನಲ್ಲಿ ತಲೆಯ ಮೇಲೆ ಎರಡು ಚುಕ್ಕೆ ಇರುವ ಅಕ್ಷರ ಇದೆ, ಬಾಯಿ ಸ್ವಲ್ಪ ಜಾಸ್ತಿ ತೆರೆದು ಹೇಳುವ ಎಕಾರ ಅದು. ಈಗಿನ ಕಾಲಕ್ಕೆ ಸ್ಕ್ರೆಮ್ಮೆರ್, ಕಳೆದ ಕಾಲಕ್ಕೆ ಸ್ಕ್ರೆಮ್ದೆ. ಅವರ 'ದ' ನಮ್ಮ ದಕಾರದ ಹಾಗೆ ಹಲ್ಲಿಗೆ ತಾಗುವ ದನಿ, ಇಂಗ್ಲಿಷ್‌ನ 'ಡ' ಅಲ್ಲ. ಹಾಗಾಗಿ ಕನ್ನಡಿಗರ ನಾಲಿಗೆಗೆ ಇದು ಸುಲಭ. ನಾನು, ನೀನು, ಅವಳು, ಅವರು ಯಾರೇ ಹೆದರಿಸಲಿ, ರೂಪ ಬದಲಾಗುವುದಿಲ್ಲ. ಕ್ರಿಯಾಪದದ ಕೊನೆ ನಮ್ಮಲ್ಲಿ ಹೆದರಿಸಿದ, ಹೆದರಿಸಿದಳು, ಹೆದರಿಸಿತು ಅಂತ ಬಿಚ್ಚಿಕೊಳ್ಳುತ್ತದಲ್ಲ, ಆ ತೊಂದರೆ ಅಲ್ಲಿ ಇಲ್ಲ. ಡೇನಿಷ್, ನಾರ್ವೇಜಿಯನ್ ಭಾಷೆಗಳಲ್ಲೂ ಇದೇ ಪದ ಸ್ವಲ್ಪ ಬೇರೆ ಕಾಗುಣಿತದಲ್ಲಿ ಇದೆ.

ಈ ಪದ ಒಂದು ದೊಡ್ಡ ಚೀಲದ ಹಾಗೆ. ಬೆಚ್ಚಿಬೀಳಿಸುವುದು, ಹೆದರಿಸುವುದು, ಬೆದರಿಸುವುದು, ಗಾಬರಿ ಹುಟ್ಟಿಸುವುದು, ಹಿಂಜರಿಯುವ ಹಾಗೆ ಮಾಡುವುದು ಎಲ್ಲವೂ ಅದರೊಳಗೆ ಹಿಡಿಯುತ್ತದೆ. ಇಂಗ್ಲಿಷ್ ಹಾಗಲ್ಲ. ಅದಕ್ಕೆ ಬೇರೆ ಬೇರೆ ಡಬ್ಬಿಗಳು ಬೇಕು. ಸ್ಕೇರ್, ಫ್ರೈಟನ್, ಟೆರಿಫೈ, ಸ್ಟಾರ್ಟಲ್, ಅಲಾರ್ಮ್, ಇಂಟಿಮಿಡೇಟ್, ಡಾಂಟ್, ಸ್ಪೂಕ್. ಪಟ್ಟಿ ಇನ್ನೂ ಇದೆ.

ಇಷ್ಟೊಂದು ಡಬ್ಬಿ ಎಲ್ಲಿಂದ ಬಂದವು? ಇಂಗ್ಲಿಷ್ ಮೇಲೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ಬಂದು ಪದ ಬಿಟ್ಟುಹೋದರು. ಫ್ರೈಟ್ ಅನ್ನುವುದು ಹಳೆಯ ಇಂಗ್ಲಿಷ್‌ನ ಸ್ವಂತ ಮಾತು. ಸ್ಕೇರ್ ಬಂದದ್ದು ವೈಕಿಂಗ್ ಜನರ ಹಳೆಯ ನಾರ್ಸ್ ಭಾಷೆಯಿಂದ, ಅಲ್ಲಿ ಅದು 'ಸ್ಕಿರ್ರಾ' ಆಗಿತ್ತು. ಸ್ಕೈ, ಸ್ಕಿನ್, ಸ್ಕರ್ಟ್ ಕೂಡ ಅದೇ ಹಡಗಿನಲ್ಲಿ ಬಂದ ಪದಗಳು. ಇಂಟಿಮಿಡೇಟ್, ಟೆರಿಫೈ ಲ್ಯಾಟಿನ್ ಕಡೆಯವು. ಡಾಂಟ್ ಫ್ರೆಂಚ್ ದಾರಿಯಲ್ಲಿ ಬಂತು, ಅದರ ಬೇರಿನಲ್ಲಿ 'ಪಳಗಿಸು' ಅನ್ನುವ ಅರ್ಥ ಇದೆ. ಸ್ಪೂಕ್ ಡಚ್ ಮಾತು. ಅಗ್ಲಿ ಅನ್ನುವ ಪದ ಗೊತ್ತಲ್ಲ, ಕುರೂಪ ಅಂತ? ಅದೂ ನಾರ್ಸ್‌ನಿಂದ ಬಂದದ್ದೇ, ಮೊದಲು ಅದರ ಅರ್ಥ 'ಹೆದರಿಕೆ ಹುಟ್ಟಿಸುವಂಥದ್ದು' ಅಂತ ಇತ್ತು. ನಮ್ಮಲ್ಲೂ ಹೀಗೇ ಆಗಿದೆ. ಹೆದರು, ಅಂಜು, ಬೆಚ್ಚು, ಬೆದರು ನಮ್ಮವು. ಭಯ, ಭೀತಿ ಸಂಸ್ಕೃತದವು. ಗಾಬರಿಯ ನಂಟು ಮರಾಠಿ, ಹಿಂದಿ ಕಡೆಗೆ. ಎಲ್ಲವನ್ನೂ ಇಟ್ಟುಕೊಂಡು ಪ್ರತಿಯೊಂದಕ್ಕೂ ಬೇರೆ ಕೆಲಸ ಕೊಟ್ಟಿದ್ದೇವೆ.

ಅದಕ್ಕೇ ಕನ್ನಡ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸ್ಕ್ರೆಮ್ಮಾ ಬಂದ ಕಡೆ 'ಇದನ್ನು ನಮ್ಮಮ್ಮ ಹೇಗೆ ಹೇಳುತ್ತಿದ್ದಳು' ಅಂತ ಒಂದು ಸಲ ಯೋಚಿಸಿ. 'ಬೆಚ್ಚಿಬಿದ್ದೆ' ಅಂತ ಬಂದರೆ ಇಂಗ್ಲಿಷ್‌ನಲ್ಲಿ ಸ್ಟಾರ್ಟಲ್. ಅರೆಕ್ಷಣದ ಕುಲುಕು ಅದು, ಮರುಕ್ಷಣ ನಗು ಬರಬಹುದು. 'ಹೆದರಿಸಿದ' ಅಂತ ಬಂದರೆ ಸ್ಕೇರ್ ಅಥವಾ ಫ್ರೈಟನ್. ಇವೆರಡರ ನಡುವೆ ತೂಕದ ವ್ಯತ್ಯಾಸ ಅಷ್ಟಿಲ್ಲ. ಸ್ಕೇರ್ ಮನೆಮಾತು, ಫ್ರೈಟನ್ ಸ್ವಲ್ಪ ಬರಹದ ಕಡೆ ವಾಲಿದ ಮಾತು. 'ಜಂಘಾಬಲವೇ ಉಡುಗಿಹೋಯಿತು' ಅನ್ನುವಷ್ಟಾದರೆ ಟೆರಿಫೈ. 'ಬೆದರಿಸಿದ' ಅಂತ ಬಂದರೆ ಇಂಟಿಮಿಡೇಟ್, ಕೆಲವು ಸಲ ಥ್ರೆಟನ್. 'ಗಾಬರಿ ಮಾಡಿಬಿಟ್ಟರು' ಅಂದರೆ ಅಲಾರ್ಮ್. 'ನೋಡಿದ್ರೇನೇ ಕೈಕಾಲು ಬಿದ್ದುಹೋಯ್ತು, ಎಲ್ಲಿಂದ ಶುರು ಮಾಡೋದು' ಅನ್ನುವಂಥ ಕೆಲಸದ ಮಾತಾದರೆ ಡಾಂಟ್. ಕುದುರೆ, ದನ ಬೆದರಿ ಓಡಿದರೆ ಸ್ಪೂಕ್. ಇಂಗ್ಲಿಷ್ ಪತ್ರಿಕೆಯವರು ಷೇರುಪೇಟೆಯ ಹೂಡಿಕೆದಾರರಿಗೂ ಇದೇ ಪದ ಹಾಕುತ್ತಾರೆ, ಅವರೂ ಒಟ್ಟಿಗೇ ಬೆದರಿ ಓಡುವವರಲ್ವಾ.

ಕನ್ನಡದಲ್ಲಿ ಒಂದು ಸೊಗಸಾದ ಸಂಗತಿ ಇದೆ. ಹೆದರು ಅನ್ನುವುದಕ್ಕೆ 'ಇಸು' ಸೇರಿಸಿದರೆ ಹೆದರಿಸು, ಅಂಜುವಿಗೆ ಸೇರಿಸಿದರೆ ಅಂಜಿಸು. ಅರ್ಥ ನೇರವಾಗಿ ಮುಂದೆ ಹೋಗುತ್ತದೆ. ಬೆದರು ಮಾತ್ರ ಹಾಗೆ ಹೋಗುವುದಿಲ್ಲ. ಬೆದರುವುದು ಹೆಚ್ಚಾಗಿ ಎತ್ತು, ಕುದುರೆ, ಹಕ್ಕಿ. ಸಂತೆಯ ದಾರಿಯಲ್ಲಿ ಲಾರಿ ಹಾರ್ನ್ ಹೊಡೆದರೆ ಎತ್ತು ಬೆದರುತ್ತದೆ. ಆದರೆ ಬೆದರಿಸುವುದು ಮನುಷ್ಯ, ಅದೂ ಬೇಕಂತಲೇ, ಏನನ್ನೋ ಸಾಧಿಸಿಕೊಳ್ಳಲು. ಒಂದೇ ಬೇರಿನಿಂದ ಹುಟ್ಟಿದ ಎರಡು ರೂಪಗಳ ನಡುವೆ ಉದ್ದೇಶ ಅನ್ನುವುದು ನುಗ್ಗಿ ಕೂತಿದೆ. ಸ್ಕ್ರೆಮ್ಮಾದಲ್ಲಿ ಕಾಣದೆ ಇರುವುದು ಸರಿಯಾಗಿ ಇದೇ. ಗಂಡ ಗೊತ್ತಿಲ್ಲದೆ ಹೆದರಿಸಿದ, ಸಾಲದವರು ಬೇಕಂತಲೇ ಹೆದರಿಸಿದರು, ಎರಡಕ್ಕೂ ಅದೇ ಪದ. ಉದ್ದೇಶ ಇತ್ತಾ ಇಲ್ವಾ ಅನ್ನುವುದನ್ನು ಕೇಳುವವರೇ ಸಂದರ್ಭ ನೋಡಿ ತಿಳಿದುಕೊಳ್ಳಬೇಕು.

ಇದು ಸುಮ್ನೆ ಪದದ ಆಟ ಅಲ್ಲ. ಒಬ್ಬರ ಹೇಳಿಕೆಯನ್ನು ಸ್ವೀಡಿಷ್‌ನಿಂದ ಇಂಗ್ಲಿಷ್‌ಗೆ ತರುತ್ತಿದ್ದೀರಿ ಅಂದುಕೊಳ್ಳಿ. ಕೆಲಸದ ಜಾಗದಲ್ಲಿ ಮೇಲಿನವರು ನಡೆದುಕೊಂಡ ರೀತಿಯ ಬಗ್ಗೆ ದೂರು ಅದು. ಅದರಲ್ಲಿ 'ಅವರು ನನ್ನನ್ನು ಸ್ಕ್ರೆಮ್ದೆ' ಅಂತ ಇದೆ. ಇಂಟಿಮಿಡೇಟ್ ಅಂತ ಬರೆದರೆ ಓದುವ ವಕೀಲರಿಗೆ ಅದು ಆರೋಪ. ಸ್ಕೇರ್ ಅಂತ ಬರೆದರೆ ಅದು ದೂರು ಕೊಟ್ಟವರ ಅನುಭವ ಮಾತ್ರ. ಮೂಲದಲ್ಲಿ ಎರಡಕ್ಕೂ ಜಾಗ ಇದೆ. ಇಂಥ ಕಡೆ ನಾನಾದರೆ ಫ್ರೈಟನ್ ಹಾಕುತ್ತೇನೆ. ಅದು ಉದ್ದೇಶವನ್ನು ಸಾರುವುದಿಲ್ಲ, ಅಲ್ಲಗಳೆಯುವುದೂ ಇಲ್ಲ. ಮೂಲದವರು ಬಿಟ್ಟ ಜಾಗವನ್ನು ಅನುವಾದದವರು ತುಂಬಬಾರದು.

ನಮ್ಮ ದೇಶದಲ್ಲಿ ಈ ಇಂಗ್ಲಿಷ್ ಪದಕ್ಕೆ ಇನ್ನೂ ಜಾಸ್ತಿ ಭಾರ. 1860ರ ಐಪಿಸಿಯಲ್ಲಿ 503ನೇ ಸೆಕ್ಷನ್ 'ಕ್ರಿಮಿನಲ್ ಇಂಟಿಮಿಡೇಶನ್' ಬಗ್ಗೆ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 351ನೇ ಸೆಕ್ಷನ್. ಪತ್ರಿಕೆಯಲ್ಲಿ ದಿನಾ ಓದುವ 'ಜೀವ ಬೆದರಿಕೆ' ಪ್ರಕರಣಗಳು ಇದರ ಅಡಿಯಲ್ಲೇ ಬರುತ್ತವೆ. ಹಾಗಾಗಿ ಭಾರತದ ಓದುಗರಿಗೆ ಇಂಟಿಮಿಡೇಟ್ ಅಂದರೆ ಪೊಲೀಸ್ ಠಾಣೆಯ ವಾಸನೆ ಇರುವ ಪದ. ಸ್ವೀಡನ್ನಿನ ಕಾನೂನಿನಲ್ಲಿ ಇಂಥ ಅಪರಾಧಕ್ಕೆ ಸ್ಕ್ರೆಮ್ಮಾ ಅನ್ನುವ ಪದವನ್ನೇ ಬಳಸಿಲ್ಲ. ಅಲ್ಲಿನ ದಂಡಸಂಹಿತೆಯ 4ನೇ ಅಧ್ಯಾಯದ 5ನೇ ಸೆಕ್ಷನ್‌ನಲ್ಲಿ ಇರುವುದು 'ಊಲಾಗಾ ಹೂತ್', ಕಾನೂನಿಗೆ ವಿರುದ್ಧವಾದ ಬೆದರಿಕೆ ಅಂತ. ಬೆದರಿಕೆ ಹಾಕುವುದಕ್ಕೆ ಅವರಲ್ಲಿ ಬೇರೆಯೇ ಕ್ರಿಯಾಪದ ಇದೆ, 'ಹೂತಾ'. ಬಾಯಿಬಿಟ್ಟು 'ಹೀಗೆ ಮಾಡ್ತೀನಿ ನೋಡು' ಅಂದರೆ ಹೂತಾ. ಹಾಗೆ ಹೇಳದೆಯೂ ಹೆದರಿಸಿದರೆ ಸ್ಕ್ರೆಮ್ಮಾ. ಥ್ರೆಟನ್ ಅನ್ನುವುದನ್ನು ಹೂತಾಗೆ ಬಿಟ್ಟುಕೊಡುವುದು ಒಳ್ಳೆಯದು.

ಇನ್ನೊಂದು ಕಡೆಯಿಂದ ನೋಡಿದರೂ ಇದೇ ಕಾಣುತ್ತದೆ. ಭಯೋತ್ಪಾದನೆ ತಡೆಯುವ ಬಗ್ಗೆ ಐರೋಪ್ಯ ಒಕ್ಕೂಟ 2002ರಲ್ಲಿ ಒಂದು ಚೌಕಟ್ಟು ನಿರ್ಣಯ ಮಾಡಿತು. ಒಕ್ಕೂಟದ ಕಾನೂನುಗಳು ಎಲ್ಲ ಸದಸ್ಯ ದೇಶಗಳ ಭಾಷೆಯಲ್ಲೂ ಬರುತ್ತವೆ, ಪ್ರತಿ ಭಾಷೆಯ ಪಠ್ಯಕ್ಕೂ ಒಂದೇ ಬೆಲೆ. ಇಂಗ್ಲಿಷ್ ಪಠ್ಯದಲ್ಲಿ ಜನರನ್ನು ಗಂಭೀರವಾಗಿ 'ಇಂಟಿಮಿಡೇಟ್' ಮಾಡುವ ಉದ್ದೇಶ ಅಂತ ಇರುವ ಕಡೆ ಸ್ವೀಡಿಷ್ ಪಠ್ಯ ಸ್ಕ್ರೆಮ್ಮಾ ಹಾಕಲಿಲ್ಲ. 'ಇನ್‌ಯಾಗಾ ಫ್ರುಕ್ತಾನ್' ಅಂತ ಬರೆಯಿತು. ಫ್ರುಕ್ತಾನ್ ಅಂದರೆ ಭೀತಿ, ಯಾಗಾ ಅಂದರೆ ಬೇಟೆಯಾಡು, ಅಟ್ಟು. ಜನರ ಒಳಕ್ಕೆ ಭೀತಿಯನ್ನು ಅಟ್ಟುವುದು. ಎಂಥ ಚಿತ್ರ! ಸ್ಕ್ರೆಮ್ಮಾ ಮನೆಯಲ್ಲಿ, ಬೀದಿಯಲ್ಲಿ ಓಡಾಡುವ ಪದ, ಈ ಅಪರಾಧದ ತೂಕ ಅದಕ್ಕೆ ಸಾಲುವುದಿಲ್ಲ. ಕನ್ನಡದಲ್ಲಿ ನಾವೂ ಇಲ್ಲಿ ಹೆದರಿಸುವುದು ಅನ್ನುವುದಿಲ್ಲ, ಭಯ ಹುಟ್ಟಿಸುವುದು, ಭೀತಿ ಬಿತ್ತುವುದು ಅನ್ನುತ್ತೇವೆ. ಭಯೋತ್ಪಾದನೆ ಅನ್ನುವ ಪದವೇ ಭಯವನ್ನು ಉತ್ಪಾದಿಸುವುದು ಅಂತ ತಾನೇ.

ಮನುಷ್ಯರ ಮಾತು ಇಷ್ಟಾಯಿತು. ಹೆದರಿಸುವುದು ಮನುಷ್ಯ ಅಲ್ಲದಿದ್ದರೆ? ಸ್ವೀಡಿಷ್‌ನಲ್ಲಿ ಕತ್ತಲು ಹೆದರಿಸುತ್ತದೆ, ಬೆಲೆ ಹೆದರಿಸುತ್ತದೆ, ಒಂದು ಯೋಚನೆ ಹೆದರಿಸುತ್ತದೆ. ಯಾರನ್ನು ಅಂತ ಹೇಳಬೇಕಾಗಿಯೂ ಇಲ್ಲ. 'ತಂಕೆನ್ ಸ್ಕ್ರೆಮ್ಮೆರ್' ಅಂದರೆ ಆ ಯೋಚನೆಯೇ ಹೆದರಿಸುತ್ತದೆ, ಅಷ್ಟೇ, ವಾಕ್ಯ ಮುಗಿಯಿತು. 'ಪ್ರೀಸೆತ್ ಸ್ಕ್ರೆಮ್ಮೆರ್' ಅಂದರೆ ಬೆಲೆ ಹೆದರಿಸುತ್ತದೆ. ಇಂಗ್ಲಿಷ್‌ಗೆ 'ದ ಪ್ರೈಸ್ ಸ್ಕೇರ್ಸ್' ಅಂತ ತಂದು ನಿಲ್ಲಿಸಿದರೆ ವಾಕ್ಯ ಒಂಟಿಕಾಲಲ್ಲಿ ನಿಂತ ಹಾಗೆ ಕಾಣುತ್ತದೆ. ಯಾರನ್ನು ಅಂತ ಸೇರಿಸಬೇಕು, ಇಲ್ಲವೇ ವಿಶೇಷಣಕ್ಕೆ ತಿರುಗಿಸಬೇಕು. ಯೋಚನೆಗೆ 'ಫ್ರೈಟನಿಂಗ್' ಸರಿ. ಬೆಲೆಗೆ 'ಆಫ್-ಪುಟಿಂಗ್' ಸರಿ. ಬೆಲೆಯ ಮುಂದೆ ಯಾರೂ ನಡುಗುವುದಿಲ್ಲ, ಅಂಗಡಿಯಿಂದ ಹೊರಗೆ ಬರುತ್ತಾರೆ ಅಷ್ಟೇ.

ಕನ್ನಡದಲ್ಲಿ ಏನಾಗುತ್ತದೆ ನೋಡಿ. 'ಕತ್ತಲು ನನ್ನನ್ನು ಹೆದರಿಸುತ್ತದೆ' ಅಂತ ಯಾರಾದರೂ ಬರೆದರೆ ತಕ್ಷಣ ಗೊತ್ತಾಗುತ್ತದೆ, ಇದು ಎಲ್ಲಿಂದಲೋ ಎತ್ತಿ ತಂದದ್ದು ಅಂತ. ನಾವು 'ಕತ್ತಲು ಅಂದ್ರೆ ನನಗೆ ಭಯ' ಅನ್ನುತ್ತೇವೆ. 'ಬೆಲೆ ಕೇಳಿದ್ರೇನೇ ಹೆದರಿಕೆ ಆಗುತ್ತೆ' ಅನ್ನುತ್ತೇವೆ. ಜೀವ ಇಲ್ಲದ ವಸ್ತುವಿನ ಕೈಗೆ ನಾವು ಹೆದರಿಸುವ ಕೆಲಸವನ್ನು ಅಷ್ಟು ಸುಲಭವಾಗಿ ಕೊಡುವುದಿಲ್ಲ. ಭಯ ನಮಗೆ ಆಗುತ್ತದೆ, ಹಸಿವು, ಬಾಯಾರಿಕೆ ಆದ ಹಾಗೆ. ನಾವು ಭಯವನ್ನು ಮಾಡುವವರೂ ಅಲ್ಲ, ಪಡೆಯುವವರೂ ಅಲ್ಲ, ಅದು ನಮ್ಮ ಹತ್ತಿರ ಬರುತ್ತದೆ. ಸ್ವೀಡಿಷ್‌ನಲ್ಲಿ 'ನಾನು ಹೆದರಿದವನಾಗುತ್ತೇನೆ' ಅನ್ನುವ ರೀತಿ. ಅಲ್ಲಿ 'ನಾನು' ವಾಕ್ಯದ ತಲೆಯಲ್ಲಿ ಕೂತಿರುತ್ತದೆ, ಇಂಗ್ಲಿಷ್‌ನಲ್ಲೂ ಹಾಗೇ. ಕನ್ನಡದ ಮಕ್ಕಳು ಇಂಗ್ಲಿಷ್ ಕಲಿಯುವಾಗ ಸ್ಕೇರ್ಡ್, ಸ್ಕೇರಿ ನಡುವೆ ತಡವರಿಸಲು ಇದೂ ಒಂದು ಕಾರಣ ಇರಬಹುದು ಅಂತ ನನಗೆ ಅನಿಸುತ್ತದೆ. ನಮ್ಮ 'ನನಗೆ ಭಯ'ದಲ್ಲಿ ಹೆದರಿದವರು ಯಾರು, ಹೆದರಿಸಿದ್ದು ಯಾವುದು ಅನ್ನುವುದನ್ನು ವಿಶೇಷಣ ಹೊತ್ತುಕೊಳ್ಳುವುದಿಲ್ಲ, ವಿಭಕ್ತಿ ಹೊತ್ತುಕೊಳ್ಳುತ್ತದೆ.

ಸ್ಕ್ರೆಮ್ಮಾ ಪಕ್ಕದಲ್ಲಿ ಒಂದು ಸಣ್ಣ ಪದ ಬಂದು ಕೂತರೆ ಅರ್ಥ ಬೇರೆ ಕಡೆ ಹೊರಳುತ್ತದೆ. 'ಸ್ಕ್ರೆಮ್ಮಾ ಬೊಟ್' ಅಂದರೆ ಹೆದರಿಸಿ ಓಡಿಸು. ಹೊಲದ ಹಕ್ಕಿಯನ್ನೂ ಹಾಗೆ ಓಡಿಸಬಹುದು, ಅಂಗಡಿಯ ಗಿರಾಕಿಯನ್ನೂ ಓಡಿಸಬಹುದು. ಇಂಗ್ಲಿಷ್‌ನಲ್ಲಿ 'ಸ್ಕೇರ್ ಅವೇ', 'ಸ್ಕೇರ್ ಆಫ್'. ಇದು ನೇರ. 'ಸ್ಕ್ರೆಮ್ಮಾ ಉಪ್' ಮಾತ್ರ ಎಡವಿಸುತ್ತದೆ. ಉಪ್ ಅಂದರೆ ಮೇಲೆ, ಹಾಗಾಗಿ 'ಸ್ಕೇರ್ ಅಪ್' ಅಂತ ಬರೆಯಲು ಕೈ ಹೋಗುತ್ತದೆ. ಆದರೆ ಇಂಗ್ಲಿಷ್‌ನ ಸ್ಕೇರ್ ಅಪ್‌ಗೆ ಇದ್ದಬದ್ದದ್ದರಲ್ಲಿ ಏನೋ ಒಂದು ಹೊಂದಿಸಿಕೊಳ್ಳುವುದು ಅನ್ನುವ ಅರ್ಥ ಇದೆ, ರಾತ್ರಿ ಊಟಕ್ಕೆ ಏನಾದರೂ ಹೊಂದಿಸುವುದು ಅನ್ನುವ ಹಾಗೆ. ಸ್ವೀಡಿಷ್‌ನವರು ಹೇಳುತ್ತಿರುವುದು ಜನರಲ್ಲಿ ಗಾಬರಿ ಎಬ್ಬಿಸುವುದನ್ನು. ಅದಕ್ಕೆ ಅಲಾರ್ಮ್ ಸರಿ. ಹೆದರಿಸಿ ಬಾಯಿ ಮುಚ್ಚಿಸು, ಹೆದರಿಸಿ ಒಪ್ಪಿಸು ಅಂತ ನಾವು ಒಂದರ ಹಿಂದೆ ಒಂದು ಕ್ರಿಯೆ ಪೋಣಿಸುತ್ತೇವಲ್ಲ, ಆ ಜಾಗದಲ್ಲಿ ಇಂಗ್ಲಿಷ್ 'ಇನ್‌ಟು' ಹಾಕುತ್ತದೆ, ಸ್ವೀಡಿಷ್ 'ತಿಲ್' ಹಾಕುತ್ತದೆ.

ಕೊನೆಗೆ ಒಂದು 'ಸ್' ಸೇರಿಸಿ ಸ್ಕ್ರೆಮ್ಮಾಸ್ ಅಂದರೆ ಎರಡು ಕೆಲಸ ಆಗುತ್ತದೆ. ಒಂದು, ಹೆದರಿಸಲ್ಪಡುವುದು. ಎರಡನೆಯದು ಮಕ್ಕಳಿರುವ ಮನೆಯಲ್ಲಿ ಕೇಳುವಂಥದ್ದು, 'ಹಾಗೆಲ್ಲ ಹೆದರಿಸ್ಬೇಡ' ಅಂತ. ಯಾರನ್ನು ಅಂತ ಇಲ್ಲ, ಹೆದರಿಸುತ್ತಾ ಇರುವ ಚಾಳಿಯನ್ನೇ ಬಿಡು ಅಂತ. ಬಾಗಿಲ ಹಿಂದೆ ಅವಿತು 'ಭೋ' ಅನ್ನುವ ಅಣ್ಣನಿಗೆ ಹೇಳುವ ಮಾತು ಅದು. ಇಂಗ್ಲಿಷ್‌ನಲ್ಲಿ 'ಸ್ಟಾಪ್ ಸ್ಕೇರಿಂಗ್ ಪೀಪಲ್' ಅಂತ ಯಾರನ್ನೋ ಒಬ್ಬರನ್ನು ಕರೆದು ತಂದು ಕೂರಿಸಬೇಕು. ಕನ್ನಡಕ್ಕೆ ಆ ಪಾಡಿಲ್ಲ.

ಹೊಲದಲ್ಲಿ ನಿಲ್ಲಿಸುವ ಬೆದರುಬೊಂಬೆಗೆ ಅವರಲ್ಲಿ 'ಫೋಗೆಲ್‌ಸ್ಕ್ರೆಮ್ಮಾ', ಹಕ್ಕಿ ಹೆದರಿಸುವುದು ಅಂತ. ಇಂಗ್ಲಿಷ್ ಒಂದೇ ಹಕ್ಕಿಯನ್ನು ಹಿಡಿದುಕೊಂಡಿತು, ಕಾಗೆ. ಸ್ಕೇರ್‌ಕ್ರೋ. ಕನ್ನಡ ಹಕ್ಕಿಯನ್ನು ಬಿಟ್ಟು ಬೊಂಬೆಯನ್ನು ಇಟ್ಟುಕೊಂಡಿತು, ಕೆಲವು ಕಡೆ ಅದಕ್ಕೆ ಅಪ್ಪ ಅಂತಲೂ ಸೇರಿಸಿ ಬೆರ್ಚಪ್ಪ ಮಾಡಿತು. ಬಟ್ಟೆಬರೆ ಕೆದರಿಕೊಂಡವರನ್ನು ಸ್ವೀಡಿಷ್‌ನಲ್ಲೂ ಇಂಗ್ಲಿಷ್‌ನಲ್ಲೂ ಈ ಹೆಸರಿನಿಂದ ಕರೆಯುತ್ತಾರೆ. ನಮ್ಮಲ್ಲಿ ಬೆರ್ಚಪ್ಪನ ಥರ ನಿಂತಿದ್ದಾನೆ ಅಂದರೆ ಕೆಲಸ ಮಾಡದೆ ಸುಮ್ಮನೆ ನಿಂತಿದ್ದಾನೆ ಅಂತ. ಕಥೆಯಲ್ಲಿ ಬಂದರೆ ಪದ ಸಿಕ್ಕಿತು ಅಂತ ಖುಷಿಪಟ್ಟು ಹಾಕುವ ಮೊದಲು ಇದನ್ನು ನೋಡಿಕೊಳ್ಳಬೇಕು.

ಇದೇ ಮನೆತನದ ಇನ್ನೊಂದು ಪದ ಈಚೆಗೆ ಸ್ವೀಡನ್ನಿನ ಸುದ್ದಿಯಲ್ಲಿ ತುಂಬಾ ಕೇಳಿಬರುತ್ತಿದೆ. 'ಸ್ಕ್ರೆಕ್' ಅಂದರೆ ಭೀತಿ, ಹಾರರ್ ಸಿನಿಮಾ ಅವರಿಗೆ ಸ್ಕ್ರೆಕ್ ಫಿಲ್ಮ್. ಅದರ ಹಿಂದೆ ದೂರ ಅನ್ನುವ ಅರ್ಥದ 'ಆವ್' ಸೇರಿಸಿದರೆ 'ಆವ್‌ಸ್ಕ್ರೆಕ್ಕಾ', ಹೆದರಿಸಿ ದೂರ ಇಡುವುದು. 1814ರಿಂದ ಈಚೆಗೆ ಯುದ್ಧಕ್ಕೆ ಇಳಿಯದ ಸ್ವೀಡನ್ 2024ರ ಮಾರ್ಚ್ 7ರಂದು ನೇಟೋ ಸೇರಿತು. ಆ ಮಾತುಕತೆಯಲ್ಲಿ 'ಆವ್‌ಸ್ಕ್ರೆಕ್‌ನಿಂಗ್' ಮತ್ತೆ ಮತ್ತೆ ಬಂತು. ಇಂಗ್ಲಿಷ್‌ನಲ್ಲಿ ಡಿಟರೆನ್ಸ್. ಇಂಗ್ಲಿಷ್ ಪದದಲ್ಲಿ ಹೆದರಿಕೆ ಎಲ್ಲಿದೆ ಅನಿಸಬಹುದು. ಇದೆ, ಲ್ಯಾಟಿನ್ ಬೇರಿನಲ್ಲಿ ಅವಿತುಕೊಂಡಿದೆ. ಡಿಟರ್ ಅನ್ನುವುದೂ 'ದೂರ' ಮತ್ತು 'ಹೆದರಿಸು' ಸೇರಿ ಆದದ್ದು. ಟೆರರ್, ಟೆರಿಬಲ್, ಟೆರಿಫೈ ಎಲ್ಲ ಅದೇ ಬೇರಿನವು. ಎರಡೂ ಭಾಷೆಯಲ್ಲಿ ಪದ ಕಟ್ಟಿದ ರೀತಿ ಒಂದೇ. ಆದರೆ ಇಂಗ್ಲಿಷ್ ಓದುಗನಿಗೆ ಒಳಗಿನ ಭಯ ಕಾಣಿಸುವುದಿಲ್ಲ, ಸ್ವೀಡಿಷ್ ಓದುಗನಿಗೆ ಪದದ ನಡುವೆಯೇ ಕಾಣಿಸುತ್ತದೆ. ಕನ್ನಡದಲ್ಲಿ ಇದನ್ನು ತಡೆ, ನಿರೋಧ ಅಂತೆಲ್ಲ ಬರೆಯುವಾಗ ಹೆದರಿಕೆ ಪೂರ್ತಿ ಬಿಟ್ಟುಹೋಗುತ್ತದೆ. ಅಣುಬಾಂಬಿನ ಬಗ್ಗೆ ಓದುವವರಿಗೆ ಅದು ಕಾಣಬೇಕು ಅನ್ನುವುದು ನನ್ನ ಆಸೆ. ಅಲ್ಲಿ ಕೆಲಸ ಮಾಡುತ್ತಿರುವುದು ಬಾಂಬಿನ ಭಯವೇ.

ಅದೇ ಪದದ ವಿಶೇಷಣ ರೂಪದಲ್ಲಿ ಒಂದು ದಿನಬಳಕೆಯ ಮಾತಿದೆ, ಹೆದರಿಸಿ ದೂರ ಇಡುವ ಉದಾಹರಣೆ ಅಂತ. ಕೆಟ್ಟುಹೋದವನೊಬ್ಬನನ್ನು ತೋರಿಸಿ ಹೇಳುವುದು. ಇಂಗ್ಲಿಷ್‌ನಲ್ಲಿ 'ಕಾಷನರಿ ಟೇಲ್' ಅನ್ನಬಹುದು. ನಮ್ಮಲ್ಲಿ ಅದಕ್ಕೆ ನಾಮಪದವೇ ಬೇಡ, 'ಅವನ ಗತಿ ನೋಡಾದ್ರೂ ಬುದ್ಧಿ ಕಲಿ' ಅಂದರೆ ಮುಗಿಯಿತು.

ಹೆದರಿಕೆಯ ಪದಗಳಿಗೆ ಹಲವು ಭಾಷೆಗಳಲ್ಲಿ ಒಂದು ಗುಣ ಇದೆ, ಕಾಲ ಕಳೆದ ಹಾಗೆ ಅವು 'ತುಂಬಾ' ಅನ್ನುವ ಅರ್ಥಕ್ಕೆ ಇಳಿಯುತ್ತವೆ. 'ಸ್ಕ್ರೆಮ್ಮಂದೆ' ಅಂದರೆ ಹೆದರಿಸುವಂಥ. ಆದರೆ ಮಗ ಅಪ್ಪನ ಥರವೇ ಸ್ಕ್ರೆಮ್ಮಂದೆ ಇದ್ದಾನೆ ಅಂದರೆ ಯಾರೂ ಹೆದರಿಲ್ಲ, ಹೋಲಿಕೆ ನೋಡಿ ಬೆರಗಾಗಿದ್ದಾರೆ. ಇಂಗ್ಲಿಷ್‌ನ ಟೆರಿಬ್ಲಿ, ಆಫುಲಿ, ಫ್ರೈಟ್‌ಫುಲಿ ಎಲ್ಲ ಈ ದಾರಿಯಲ್ಲೇ ಹೋದವು. ನಮ್ಮ ಹುಡುಗರು 'ಭಯಂಕರ ಚೆನ್ನಾಗಿದೆ ಗುರು' ಅನ್ನುವುದೂ ಇದೇ. ಇಂಥ ಕಡೆ ಫ್ರೈಟನಿಂಗ್ ಅಂತ ಗಟ್ಟಿಯಾಗಿ ಹಾಕುವುದಕ್ಕಿಂತ 'ಸ್ಕೇರಿಲಿ' ಸಾಕು, ಮಾತು ಹಗುರವಾಗಿ ನಿಲ್ಲುತ್ತದೆ.

ಜೋರಾಗಿ ಹೇಳಬೇಕಾದಾಗ ಸ್ವೀಡಿಷ್‌ನವರು 'ಅವನಿಗೆ ಲಕ್ವ ಹೊಡೆಯುವ ಹಾಗೆ ಹೆದರಿಸಿದ', 'ಜೀವ ಹೊರಗೆ ಬರುವ ಹಾಗೆ ಹೆದರಿಸಿದ' ಅನ್ನುತ್ತಾರೆ. ಇಂಗ್ಲಿಷ್‌ನವರು ಹೆದರಿಸಿ ಬುದ್ಧಿಯನ್ನೇ ಹೊರಗೆ ಹಾಕುತ್ತಾರೆ, ಹಗಲಿನ ಬೆಳಕನ್ನೇ ಹೊರಗೆ ಹಾಕುತ್ತಾರೆ. ನಮ್ಮಲ್ಲಿ ಜೀವ ಬಾಯಿಗೆ ಬರುತ್ತದೆ, ಪೂರ್ತಿ ಹೊರಗೆ ಹೋಗುವುದಿಲ್ಲ. ಇಲ್ಲಿ ಪದಕ್ಕೆ ಪದ ಹುಡುಕಲೇಬಾರದು. ಲಕ್ವ ಅಂತ ಬರೆದರೆ ಓದುವವರು ಆಸ್ಪತ್ರೆಯ ಬಗ್ಗೆ ಯೋಚಿಸುತ್ತಾರೆ. ಅಷ್ಟೇ ಜೋರಿನ ಇನ್ನೊಂದು ನುಡಿಗಟ್ಟು ಹಾಕಿದರೆ ಕೆಲಸ ಆಯಿತು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಹೆದರಿಸಿದ ಮೇಲೆ ಹೆದರಿದವರು ಇರುತ್ತಾರಲ್ಲ, ಅವರಿಗೆ ಸ್ವೀಡಿಷ್‌ನಲ್ಲಿ 'ರೆದ್' ಅನ್ನುತ್ತಾರೆ. ತುಂಬಾ ಹೆದರಿದ್ದರೆ 'ಲೀವ್‌ರೆದ್' ಅನ್ನಬಹುದು, 'ದೋದ್ಸ್‌ರೆದ್' ಅಂತಲೂ ಅನ್ನಬಹುದು. ಲೀವ್ ಅಂದರೆ ಜೀವ, ದೋದ್ ಅಂದರೆ ಸಾವು. ಎದುರುಬದುರಾದ ಪದಗಳು, ಅರ್ಥ ಮಾತ್ರ ಒಂದೇ. ಇಂಗ್ಲಿಷ್‌ನವರಿಗೆ ಇದು ವಿಚಿತ್ರ ಅನಿಸುತ್ತದೆ. ನಮಗೆ ಏನೂ ಅನಿಸುವುದಿಲ್ಲ, ಜೀವಭಯ ಅಂದರೂ ಸಾವಿನ ಭಯ ಅಂದರೂ ಕನ್ನಡದಲ್ಲಿ ಒಂದೇ ತಾನೇ.

ತೊಡಕು ಮುಂದಿದೆ. 'ರೆದ್ದಾ' ಅಂತ ಒಂದು ಕ್ರಿಯಾಪದ ಇದೆ, ಅರ್ಥ ಕಾಪಾಡು. ರೆದ್ ಅನ್ನುವುದರ ಬಹುವಚನವೂ ರೆದ್ದಾ, ಅಂದರೆ ಹೆದರಿದ. ಕಾಗುಣಿತದಲ್ಲಿ ಒಂದು ಚುಕ್ಕೆಯ ವ್ಯತ್ಯಾಸವೂ ಇಲ್ಲ. 1919ರಲ್ಲಿ ಸ್ವೀಡನ್ನಿನಲ್ಲಿ ಶುರುವಾದ ಮಕ್ಕಳ ರಕ್ಷಣೆಯ ಸಂಸ್ಥೆಯ ಹೆಸರು 'ರೆದ್ದಾ ಬಾರ್ನೆನ್', ಮಕ್ಕಳನ್ನು ಕಾಪಾಡಿ ಅಂತ. ಅದರ ಮೊದಲಿಗೆ 'ದೊಮ್' ಅಂತ ಒಂದು ಪುಟ್ಟ ಪದ ಬಂದರೆ ಹೆದರಿದ ಆ ಮಕ್ಕಳು ಅಂತ ಆಗಿಬಿಡುತ್ತದೆ. ಲೀವ್‌ರೆದ್ ಅಂದರೆ ಜೀವಭಯದಲ್ಲಿ ಇರುವವನು, ಕೊನೆಗೆ 'ಆರೆ' ಸೇರಿ 'ಲೀವ್‌ರೆದ್ದಾರೆ' ಆದರೆ ಸಮುದ್ರತೀರದಲ್ಲಿ ಜೀವ ಉಳಿಸುವ ಲೈಫ್‌ಗಾರ್ಡ್. ಮುಳುಗುವವನೂ ಎತ್ತುವವನೂ ಒಂದೇ ಬೇರಿನವರು ಅಂತ ಕಥೆ ಕಟ್ಟಲು ಮನಸ್ಸಾಗುತ್ತದೆ. ನಿಜ ಹಾಗಿಲ್ಲ. ಹೆದರಿದ ಅನ್ನುವ ರೆದ್ ಹಳೆಯ ನಾರ್ಸ್‌ನದು. ಕಾಪಾಡು ಅನ್ನುವ ರೆದ್ದಾ ಕೆಳ ಜರ್ಮನ್ ಮಾತಿನಿಂದ ಬಂದದ್ದು, ಜರ್ಮನ್ ಭಾಷೆಯ 'ರೆಟ್ಟೆನ್' ಅದರ ನೆಂಟ. ಬೇರೆ ಬೇರೆ ಊರಿನಿಂದ ಬಂದ ಇಬ್ಬರು ಒಂದೇ ಥರದ ಅಂಗಿ ಹಾಕಿಕೊಂಡಿದ್ದಾರೆ ಅಷ್ಟೇ.

ಆದರೆ ರೆದ್ ತನ್ನಷ್ಟಕ್ಕೆ ತಾನೇ ಕಾಪಾಡುವ ಕಡೆಗೂ ನಡೆದುಬಂದಿದೆ. ಅದರ ಮುಂದೆ 'ಫೋರ್' ಬಂದರೆ ಯಾವುದಕ್ಕೋ ಹೆದರುವುದು. ಹಾವಿಗೆ, ಕತ್ತಲಿಗೆ, ಅಪ್ಪನಿಗೆ. 'ಒಮ್' ಬಂದರೆ ಯಾವುದಕ್ಕೆ ಏನಾಗುತ್ತದೋ ಅಂತ ಹೆದರುವುದು, ಅಂದರೆ ಜೋಪಾನವಾಗಿ ನೋಡಿಕೊಳ್ಳುವುದು. ಅಜ್ಜಿ ಕೊಟ್ಟ ಗಡಿಯಾರದ ವಿಷಯದಲ್ಲಿ ರೆದ್ ಒಮ್. ಆರೋಗ್ಯದ ವಿಷಯದಲ್ಲಿ ರೆದ್ ಒಮ್. ಇದನ್ನು ಇಂಗ್ಲಿಷ್‌ಗೆ ಅಫ್ರೇಡ್ ಅಂತ ತಂದರೆ ಪೂರ್ತಿ ಹಾಳು. 'ಚೆರಿಷ್' ಬೇಕು, ಕೆಲವು ಕಡೆ 'ಟೇಕ್ ಕೇರ್ ಆಫ್' ಬೇಕು. ಯಂತ್ರದ ಅನುವಾದ ಓದುವಾಗ ಈ ಒಂದು ಜಾಗದ ಮೇಲೆ ಕಣ್ಣಿಟ್ಟಿರಿ.

ಸ್ವೀಡನ್ನಿನಲ್ಲಿ ಹಿಮ ಬಿದ್ದ ಸಂಜೆ ಯಾರಾದರೂ ಮನೆಯಿಂದ ಹೊರಡುವಾಗ ಬಾಗಿಲ ತನಕ ಬಂದವರು "ವಾ ರೆದ್ ಒಮ್ ದೆಯ್" ಅನ್ನುತ್ತಾರೆ. ಪದ ಬಿಡಿಸಿದರೆ 'ನಿನ್ನ ಬಗ್ಗೆ ಹೆದರಿಕೊಂಡಿರು' ಅಂತ ಆಗುತ್ತದೆ. ಇಂಗ್ಲಿಷ್‌ನಲ್ಲಿ 'ಟೇಕ್ ಕೇರ್'. ಕನ್ನಡದಲ್ಲಿ ಇದಕ್ಕೆ ಯೋಚಿಸಬೇಕಾಗಿಯೇ ಇಲ್ಲ. ಬೈಕ್ ಚಾವಿ ಕೈಗೆ ತೆಗೆದುಕೊಂಡ ಮಗನಿಗೆ ಹೊಸ್ತಿಲಲ್ಲಿ ನಿಂತ ಅಮ್ಮ ಹೇಳುತ್ತಾಳಲ್ಲ, "ಹುಷಾರು ಕಣೋ."